ಒಳಮೈಗೆ ತಿರುಗಿದ ಬಿರುಕು

ಹೆಡ್ ಕಾನ್‌ಸ್ಟೇಬಲ್ ಅಡಿವೆಯ್ಯ ಒಡೆದ ಟಯರಿನ ಪಕ್ಕೆಯಲ್ಲಿದ್ದ ಸಣ್ಣ ಬಿರುಕೊಂದಕ್ಕೆ ಹೆಬ್ಬೆರಳಿನ ಉಗುರು ಹಾಕಿ ಸರ್ರನೆ ಎಳೆದ. ಉಗುರಿನ ಸಂದಿಯಲ್ಲಿ ಕರ್ರಗಿನ ಜಿಡ್ಡು ಕೂತಿತು. ಮೂಗಿನ ಹತ್ತಿರ ತಂದರೆ ಹೊಂಗೆ ಎಣ್ಣೆಯ ವಾಸನೆ.

“ಟಯರಿಗೆ ಜ್ವರಾ ಬಂದೈತೇನೋ ಅಡಿವೆಯ್ಯಾ? ನಾಡಿ ಹಿಡದ ಕುಂತೀಯಲ್ಲ!” ಠಾಣೆಯ ಜಗಲಿಯ ಮೇಲೆ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ನಕ್ಕರು.

“ಟಯರಿಗಲ್ರಿ. ನಂಗ ಬರೂ ಹಂಗೈತಿ,” ಎಂದ ಅಡಿವೆಯ್ಯ, ತಲೆ ಎತ್ತದೆ.

ಇಪ್ಪತ್ತೆರಡು ವರ್ಷ ಪೊಲೀಸ್ ಜೀಪು ಓಡಿಸಿದ ಮನುಷ್ಯ ಅವನು. ಕಣ್ಣಿಗೆ ಪೊರೆ ಬಂತೆಂದು ಸ್ಟೇರಿಂಗ್ ಬಿಡಿಸಿ ದಾಂಡೇಲಿಯಲ್ಲಿ ಮೇಜಿನ ಮುಂದೆ ಕೂರಿಸಿದ್ದರು. ಬರೆಯುವ ಕೆಲಸ ಅವನಿಗೆ ಒಗ್ಗಲಿಲ್ಲ. ಪೆನ್ನು ಹಿಡಿದರೆ ಬೆವರುತ್ತಿದ್ದವನು ಟಯರು ಮುಟ್ಟಿದರೆ ಮಾತ್ರ ಹುರುಪಾಗುತ್ತಿದ್ದ.

ಈ ಟಯರು ಶುಕ್ರವಾರ ಸೂಪಾ ಹತ್ತಿರದ ಇಳಿಜಾರಿನ ತಿರುವಿನಲ್ಲಿ ಒಡೆದಿತ್ತು. ತುಳಸಿರಾಮನ ಬಾಡಿಗೆ ಅಂಬಾಸಿಡರ್ ಕಂದಕಕ್ಕೆ ಉರುಳಿ, ಒಳಗಿದ್ದ ಶಂಕ್ರಪ್ಪ ಸ್ಥಳದಲ್ಲೇ ಸತ್ತಿದ್ದ. ಕದ್ದ ಸಾಗವಾನಿ ತುಂಬಿಕೊಂಡು ರಾಮನಗರದ ಕಡೆ ಹೋದ ಲಾರಿಯನ್ನು ಕಣ್ಣಾರೆ ಕಂಡ ಒಬ್ಬನೇ ಸಾಕ್ಷಿ ಈ ಶಂಕ್ರಪ್ಪ. ಲಾರಿ ಯಾರದೆಂಬುದನ್ನು ಕಾರವಾರದ ಕಟಕಟೆಯಲ್ಲಿ ನಿಂತೇ ಹೇಳುತ್ತೇನೆ, ಅಲ್ಲಿಯತನಕ ಹೆಂಡತಿಗೂ ಹೇಳುವುದಿಲ್ಲ ಎಂದು ಹಟ ಹಿಡಿದಿದ್ದ. ಅವತ್ತು ಹೊರಟದ್ದು ಆ ಕಟಕಟೆಗೇ.

“ನೋಡು,” ಸಾಹೇಬರು ಗಡಿಯಾರ ನೋಡಿಕೊಂಡರು. “ತಪಾಸಣಿ ವರದಿ ಬಂದೈತಿ. ಹಳೇ ಟಯರು, ಪಕ್ಕೇಕ ಬಿರುಕು, ಮುಂದಿನ ಎಡಗಾಲಿ ಒಡದೈತಿ, ಡ್ರೈವರನ ನಿರ್ಲಕ್ಷ್ಯ. ಡಿಕ್ಕಿಯೊಳಗ ಛಲೋ ಸ್ಟೆಪ್ನಿ ಇಟಗೊಂಡು ಮುಂದ ಬಿರುಕಿನ ಟಯರು ಹಾಕ್ಯಾನ ಅಂದ್ರ ಏನನ್ನೂಣು ಅವಂಗ? ಸಂಜೀ ಐದಕ್ಕ ಅರೆಸ್ಟ್ ತೋರಿಸಿ ಕಾಗದಾ ಕೋರ್ಟಿಗೆ ಕಳಸ್ತೇನಿ.”

“ಐದಕ್ಕರಿ?”

“ಐದಕ್ಕ. ಅಲ್ಲೀಮಟಾ ನಿನ್ನ ಟಯರಿನ ಪೂಜಾ ಮುಗಿಸು.”

ಸಾಹೇಬರು ಒಳಗೆ ಹೋದರು. ಅಡಿವೆಯ್ಯ ಬಟ್ಟೆಯ ಚೂರಿಗೆ ಸೀಮೆಎಣ್ಣೆ ಹಾಕಿಕೊಂಡು ಟಯರಿನ ಪಕ್ಕೆಯನ್ನು ಒರೆಸತೊಡಗಿದ. ಮಸಿ ಕರಗಿ ಇಳಿಯಿತು. ಅದರ ಕೆಳಗಿನಿಂದ ಮೊದಲು ಒಂದು ಬಿಳಿ ಚುಕ್ಕೆ ಕಾಣಿಸಿತು. ಒರೆಸಿದಂತೆ ಇನ್ನೊಂದು, ಮತ್ತೊಂದು. ಪ್ರತಿ ಬಿರುಕಿನ ಎರಡೂ ತುದಿಗೆ, ಅಳತೆ ಇಟ್ಟಂತೆ, ಸಾಸಿವೆ ಕಾಳಿನಷ್ಟು ಸುಣ್ಣ.

ಇಂಥದ್ದನ್ನು ಅವನು ತನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

ಇನ್ನೊಂದು ಸಂಗತಿ ಅವನನ್ನು ಬೆಳಗಿನಿಂದ ಕೊರೆಯುತ್ತಿತ್ತು. ಟಯರು ಒಡೆದು ಬಾಯಿಬಿಟ್ಟದ್ದು ಗಾಲಿಯ ಒಳಮೈಯಲ್ಲಿ, ಅಂದರೆ ಎಂಜಿನ್ನಿನ ಕಡೆಗೆ. ಬಿರುಕುಗಳಿದ್ದದ್ದೂ ಆ ಮೈಯಲ್ಲೇ. ಹೊರಮೈ ಎಳೆಗೂಸಿನ ಕೆನ್ನೆಯಂತೆ ನುಣ್ಣಗಿತ್ತು. ಬಿಸಿಲು ಬೀಳುವುದು ಹೊರಮೈಗೆ, ಬಿರುಕು ಬಿಡುವುದೂ ಹೊರಮೈಯೇ. ಒಳಮೈ ಒಡೆದು ಹೊರಮೈ ನುಣ್ಣಗಿದೆ ಎಂದರೆ ಯಾರೋ ಟಯರನ್ನು ರಿಮ್ಮಿನಿಂದ ಬಿಚ್ಚಿ, ತಿರುವಿ ಹಾಕಿದ್ದಾರೆ. ಅದು ರಸ್ತೆ ಬದಿಯಲ್ಲಿ ಆಗುವ ಕೆಲಸವಲ್ಲ, ಅದಕ್ಕೆ ಅಂಗಡಿ ಬೇಕು, ಹಾರೆ ಬೇಕು, ಪಳಗಿದ ಕೈ ಬೇಕು.

ಒಡೆದ ಬಾಯಿಯ ಅಂಚನ್ನು ಕಣ್ಣಿಗೆ ಹತ್ತಿರ ತಂದ. ನೈಲಾನ್ ನೂಲೆಲ್ಲ ಕಿತ್ತು ಜೂಲುಜೂಲಾಗಿತ್ತು. ಒಂದೇ ಕಡೆ, ನಾಲ್ಕು ಬೆರಳಿನಗಲ, ನೂಲಿನ ತುದಿಗಳು ಕತ್ತರಿಸಿಟ್ಟಂತೆ ಸಮನಾಗಿದ್ದವು. ತಾನಾಗಿ ಕಿತ್ತುಹೋದ ನೂಲು ಹಾಗಿರುವುದಿಲ್ಲ. ಅಲ್ಲಿ ಬ್ಲೇಡು ಆಡಿತ್ತು.

ಅಡಿವೆಯ್ಯ ಆ ಭಾಗವನ್ನು, ಪಕ್ಕದ ಒಂದು ಸುಣ್ಣದ ಚುಕ್ಕೆಯನ್ನೂ ಸೇರಿಸಿ, ಗೇಣುದ್ದ ಕೊಯ್ದು ಹಳೇ ಪೇಪರಿನಲ್ಲಿ ಸುತ್ತಿಕೊಂಡ. ಜಪ್ತಿ ಮಾಡಿದ ವಸ್ತುವಿಗೆ ಹೀಗೆ ಚಾಕು ಹಾಕಬಾರದೆಂದು ಅವನಿಗೆ ಗೊತ್ತಿತ್ತು. ಐದು ಗಂಟೆಯ ಗಡುವು ಅವನಿಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು.

ಸರಕಾರಿ ದವಾಖಾನೆಯ ಮೆಟ್ಟಿಲ ಮೇಲೆ ತುಳಸಿರಾಮನ ಹೆಂಡತಿ ರೂಪಿಬಾಯಿ ಕೂತಿದ್ದಳು. ಕನ್ನಡಿ ಹೊಲಿದ ಕೆಂಪು ಕುಪ್ಪಸದ ತೋಳಿನ ತುಂಬ ಒಣಗಿದ ರಕ್ತ. ಮುಂಡಗೋಡದ ಹತ್ತಿರದ ತಾಂಡಾದಿಂದ ಶುಕ್ರವಾರ ಸಂಜೆ ಬಂದವಳು ಮೂರು ದಿನದಿಂದ ಬಟ್ಟೆ ಬದಲಿಸಿರಲಿಲ್ಲ.

“ಸಾಹೇಬ್ರ, ನನ್ನ ಗಂಡನ್ನ ಇವತ್ತ ಹಿಡಕೊಂಡ ಹೋಗ್ತಾರಂತ. ಖರೇನ್ರಿ?”

“ಯಾರಂದ್ರು?”

“ಜ್ಯೋತಿಬಾ ಅಣ್ಣಾ ಅಂದಾ.”

ಜ್ಯೋತಿಬಾ ಒಳಗೆ, ಮಂಚದ ಪಕ್ಕದಲ್ಲೇ ಇದ್ದ. ಟ್ಯಾಕ್ಸಿ ಸ್ಟ್ಯಾಂಡಿನ ಅಧ್ಯಕ್ಷ, ನಾಲ್ಕು ಟ್ರಾಕ್ಸ್ ಜೀಪು, ಎರಡು ಲಾರಿಗಳ ಯಜಮಾನ, ರಾಮನಗರದ ಕಡೆಯಿಂದ ಬರಿಗೈಲಿ ಬಂದು ದಾಂಡೇಲಿಯಲ್ಲಿ ನೆಲೆಯಾದವನು. ಸ್ಟ್ಯಾಂಡಿನಲ್ಲಿ ಯಾರ ಮನೆಯಲ್ಲಿ ಸಾವಾಗಲಿ ಮೊದಲು ಹೋಗುವವನು ಅವನೇ. ಈಗಲೂ ಥರ್ಮಾಸಿನಿಂದ ಚಹಾ ಬಗ್ಗಿಸಿ ತುಳಸಿರಾಮನಿಗೆ ಚಮಚೆಯಲ್ಲಿ ಕುಡಿಸುತ್ತಿದ್ದ. ಬಾಗಿಲಲ್ಲಿ ಕಾವಲಿಗಿದ್ದ ಕಾನ್‌ಸ್ಟೇಬಲ್ ಸೋಮಪ್ಪನ ಕೈಯಲ್ಲೂ ಒಂದು ಕಪ್ಪಿತ್ತು.

“ಬರ್ರಿ ಅಡಿವೆಯ್ಯಾ ಸಾಹೇಬ್ರ. ಚಾ ತಗೋಳ್ರಿ. ಹುಡುಗ ಭಾಳ ಹೆದರ್ಯಾನ್ರಿ. ಏನೋ ಕೈತಪ್ಪಿ ಆಗೈತಿ, ಸ್ವಲ್ಪ ನೋಡಿ ಮಾಡ್ರಿ,” ಎಂದ ಜ್ಯೋತಿಬಾ. ಕಣ್ಣಂಚು ಒದ್ದೆಯಾಗಿತ್ತು.

“ಮಾಡೂಣು. ಸ್ವಲ್ಪ ಹೊರಗ ಕೂಡ್ರಿ.”

ಜ್ಯೋತಿಬಾ ಬಾಗಿಲು ದಾಟಿದ. ದೂರವೇನೂ ಹೋಗಲಿಲ್ಲ. ಪರದೆಯ ಕೆಳಗೆ ಅವನ ಚಪ್ಪಲಿ ಕಾಣುತ್ತಿತ್ತು.

ತುಳಸಿರಾಮನ ಮೂರು ಪಕ್ಕೆಲುಬು ಮುರಿದಿದ್ದವು. ಮಾತಾಡಿದರೆ ಎದೆಯೊಳಗೆ ಸೀಟಿ ಊದಿದಂತೆ ಸದ್ದು. ಅಡಿವೆಯ್ಯ ಬಗ್ಗಿ ಕೇಳಿದ: “ಟಯರಿನ ಮ್ಯಾಲಿನ ಬಿಳೇ ಚುಕ್ಕಿ ಏನಲೇ?”

ತುಳಸಿರಾಮನ ಕಣ್ಣು ಅರಳಿದವು. ಮೂರು ದಿನದಲ್ಲಿ ಯಾರೂ ಕೇಳಿರದ ಪ್ರಶ್ನೆ.

“ನಂದ್ರಿ. ತಂಬಾಕದ ಸುಣ್ಣಾ. ಬಿರುಕು ಎಲ್ಲಿ ಮುಗೀತೈತಿ ಅಲ್ಲಿ ಕಿರಿಬೆರಳಿಲೇ ಒಂದ ಚುಕ್ಕಿ ಇಡ್ತೇನಿ. ದಿನಾ ಮುಂಜಾನೆ ನೋಡೂದು. ಚುಕ್ಕಿಯೊಳಗ ಇತ್ತಂದ್ರ ಬಾಡಿಗಿ ಹೋಗೂದು. ಚುಕ್ಕಿ ದಾಟಿ ಹೊರಗ ಬಂತಂದ್ರ ಆ ಟಯರು ಬಿಚ್ಚೂದು. ಅದಕ್ಕ ಬಿರುಕಿನ ಮೈ ಯಾವತ್ತೂ ಹೊರಗ ಇರಬೇಕ್ರಿ, ಕಣ್ಣಿಗೆ ಬೀಳಬೇಕು. ಬಿಸಲಾಗ ನಿಂದ್ರಸಬೇಕಾದ್ರ ಹಸೀ ಚೀಲಾ ಹೊಚ್ಚತೇನಿ. ಗಾಳಿ ಕಡಿಮಿ ಆಗಾಕ ಬಿಡೂದಿಲ್ಲ, ಮೆತ್ತಗಾದ್ರ ಮಡಚಿ ಮಡಚಿ ಬಿರುಕು ಬೆಳೀತೈತಿ.”

“ಪಾಲಿಶ್ ಹಚ್ಚತೀಯೇನು?”

“ಪಾಲಿಶ್ ಯಾಕ್ರಿ? ಪಾಲಿಶ್ ಹಚ್ಚಿದ್ರ ಬಿರುಕು ಕಾಣೂದಿಲ್ಲಲ್ಲ.”

“ಮತ್ತ ಆ ಟಯರು ಮುಂದ ಹೆಂಗ ಬಂತು?”

“ಅದನ್ನ ಹೇಳಾಕತ್ತೇನ್ರಿ ನಾ ಮೂರ ದಿನದಿಂದ!” ತುಳಸಿರಾಮ ಏಳಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ರೂಪಿಬಾಯಿ ಅವನ ಹೆಗಲು ಹಿಡಿದುಕೊಂಡಳು. “ಬುಧವಾರ ಮುಂಜಾನೆ ಬಿರುಕು ಚುಕ್ಕಿ ದಾಟಿತ್ತು. ಅಕ್ಕಿಕಾಳಿನಷ್ಟ. ಬಿಚ್ಚಿ ಡಿಕ್ಕಿಗೆ ಒಗದು ಸ್ಟೆಪ್ನಿ ಮುಂದ ಹಾಕಿದೆ. ಗುರುವಾರ ಗಾಡಿ ಸ್ಟ್ಯಾಂಡಿನಾಗ ಬಿಟ್ಟು ತಂಗೀ ಮಗಳ ನಿಶ್ಚಿತಾರ್ಥಕ್ಕ ಮುಂಡಗೋಡಕ್ಕ ಹ್ವಾದೆ. ಶುಕ್ರವಾರ ಮೊದಲನೇ ಬಸ್ಸಿಗೆ ಬಂದೆ. ಟಯರು ನೋಡಿದೆ, ಮೈ ಸ್ವಚ್ಛ ಇತ್ತು. ಶಂಕ್ರಪ್ಪಣ್ಣಾ ಕಾಯಕೋತ ನಿಂತಿದ್ದ. ಕರಕೊಂಡ ಹ್ವಾದೆ. ಸಾಯಾಕ ಕರಕೊಂಡ ಹ್ವಾದೆ.”

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ದಿನ ಬೆಳಗಾದರೆ ಸುಣ್ಣದ ಚುಕ್ಕೆ ಇಟ್ಟು ಪ್ರಯಾಣಿಕರ ಜೀವ ಕಾಯುತ್ತಿದ್ದವನ ಹಣೆಗೆ ನಿರ್ಲಕ್ಷ್ಯ ಎಂಬ ಶಬ್ದ ಅಂಟಿಸಲು ಹೊರಟಿದ್ದರು. ಅಡಿವೆಯ್ಯನಿಗೆ ತನ್ನ ಖಾಕಿಯ ಬಗ್ಗೆಯೇ ಒಂದು ಕ್ಷಣ ಅಸಹ್ಯವಾಯಿತು.

“ಡಿಕ್ಕಿ ಕೀಲಿ?”

“ಕೆಟ್ಟು ವರ್ಷಾತ್ರಿ. ಸುತಳಿ ಕಟ್ಟಿರತೇನಿ. ಸ್ಟ್ಯಾಂಡಿನಾಗ ಎಲ್ಲಾರಿಗೂ ಗೊತ್ತು.”

“ನಮ್ಮ ಮೈದುನಗೂ ಗೊತ್ತು,” ರೂಪಿಬಾಯಿ ಥಟ್ಟನೆ ಅಂದಳು. “ಭೀಮಸಿಂಗ್. ಹೊಲದ ಜಗಳದಾಗ ಮಾತ ಬಿಟ್ಟಾನ. ಗುರುವಾರ ದಿನಾ ಇಲ್ಲೇ ಸ್ಟ್ಯಾಂಡಿನಾಗ ಇದ್ದನಂತ.”

“ಯಾರಂದ್ರು?”

“ಅದನೂ ಜ್ಯೋತಿಬಾ ಅಣ್ಣಾನ ಅಂದಾ.”

“ಬಾಯಿ ಮುಚ್ಚ,” ತುಳಸಿರಾಮ ಗದರಿದ. “ನನ್ನ ತಮ್ಮ ಕೊಡಲಿ ತಗೊಂಡ ಎದುರಿಗೆ ಬಂದಾನು. ಹಿಂದಿನಿಂದ ಬರೂ ಮನಶ್ಯಾ ಅಲ್ಲ.”

ಅಡಿವೆಯ್ಯ ಹೊರಗೆ ಬಂದಾಗ ಜ್ಯೋತಿಬಾ ಕಂಬಕ್ಕೆ ಒರಗಿ ನಿಂತಿದ್ದ. “ಎಲ್ಲಿಗೆ ಹೊಂಟೀರಿ ಸಾಹೇಬ್ರ? ನನ್ನ ಟ್ರಾಕ್ಸಿನಾಗ ಬಿಡಸ್ತೇನಿ.”

“ಊಟಕ್ಕ. ಕಾಲ ಅದಾವು,” ಎಂದು ಹೇಳಿ ಅಡಿವೆಯ್ಯ ಸೀದಾ ಬಸ್ ನಿಲ್ದಾಣಕ್ಕೆ ಹೋಗಿ ಹಳಿಯಾಳದ ಬಸ್ಸು ಹತ್ತಿದ. ಸುಳ್ಳು ಹೇಳುವ ಅಭ್ಯಾಸ ಅವನಿಗೆ ಕಡಿಮೆ. ಆದರೂ ಯಾಕೋ ಹೇಳಬೇಕೆನಿಸಿತ್ತು.

ಈ ಸೀಮೆಯಲ್ಲಿ ಟಯರಿಗೆ ಹೊಂಗೆ ಎಣ್ಣೆಯ ಮಸಿ ಬಳಿಯುವವನು ಒಬ್ಬನೇ. ಹಳಿಯಾಳದ ದಾಂಡೇಲಿ ನಾಕಾದಲ್ಲಿರುವ ಪರಸಪ್ಪ. ಉಳಿದವರೆಲ್ಲ ಬೂಟಿನ ಪಾಲಿಶ್ ತಿಕ್ಕಿ ಕೈತೊಳೆದುಕೊಳ್ಳುತ್ತಾರೆ. ಪರಸಪ್ಪ ದೀಪದ ಕಾಡಿಗೆ ಕೂಡಿಸಿ, ಎಣ್ಣೆಯಲ್ಲಿ ಅರೆದು, ಎರಡು ದಿನ ನೆನೆಹಾಕುತ್ತಾನೆ. ಗಾಡಿಗಳ ವಾರ್ಷಿಕ ಪಾಸಿಂಗ್, ಅಂದರೆ ಆರ್‌ಟಿಓ ತಪಾಸಣೆ, ಬಂತೆಂದರೆ ಅವನ ಅಂಗಡಿ ಮದುವೆಮನೆಯಾಗುತ್ತಿತ್ತು. ಬಿರುಕಿನ ಮೈ ಒಳಗೆ ತಿರುವಿ, ಮಸಿ ಬಳಿದು ನಿಲ್ಲಿಸಿದರೆ ಹತ್ತು ವರ್ಷದ ಟಯರೂ ಮದುಮಗನಂತೆ ಹೊಳೆಯುತ್ತಿತ್ತು. ಅಡಿವೆಯ್ಯನೇ ಎಷ್ಟೋ ಸಲ ಠಾಣೆಯ ಜೀಪನ್ನು ಅಲ್ಲಿಗೆ ಒಯ್ದಿದ್ದ. ಆಗ ಅದು ತಪ್ಪೆಂದು ಅವನಿಗೂ ಅನಿಸಿರಲಿಲ್ಲ.

ಬಸ್ಸಿಳಿದಾಗ ಹನ್ನೆರಡೂವರೆ. ಪರಸಪ್ಪ ಒಬ್ಬನೇ ಕೂತು ಟಯರೊಂದಕ್ಕೆ ಮಸಿ ಬಳಿಯುತ್ತಿದ್ದ.

“ಓಹೋ, ಅಡಿವೆಯ್ಯಾರು! ಭಾಳ ದಿನಕ್ಕ ಬಂದ್ರೆಲಾ.”

“ಒಂದ ಟಯರು ತೋರಸೂದಿತ್ತೋ,” ಅಡಿವೆಯ್ಯ ಮಣೆ ಎಳೆದುಕೊಂಡು ಕೂತ. “ಪಕ್ಕೇಕ ಸಣ್ಣ ಬಿರುಕು ಬಿಟ್ಟಾವು. ಏನ ಮಾಡೂಣು?”

ಪರಸಪ್ಪನಿಗೆ ಇಂಥ ಪ್ರಶ್ನೆ ಎಂದರೆ ಎಲೆಅಡಿಕೆ ಕೊಟ್ಟಷ್ಟು ಖುಷಿ. “ಮೊದಲ ಉಗುರು ಹಾಕಿ ನೋಡ್ರಿ. ಉಗುರು ಹೋಗಲಿಲ್ಲಂದ್ರ ಬಿಸಲಿಗೆ ತೊಗಲು ಬಿರತೈತಿ ಅಷ್ಟ, ಓಡಸ್ರಿ. ಉಗುರು ಒಳಗ ಹೋತಂದ್ರ ಹಿಂದಿನ ಗಾಲಿಗೆ ಹಾಕ್ರಿ, ಭಾರಾ ಹೇರಬ್ಯಾಡ್ರಿ. ನೂಲು ಕಂಡತಂದ್ರ ಮುಗೀತು. ಅದಕ್ಕ ಸೊಲೂಷನ್ ತುಂಬೂದು, ಪಟ್ಟಿ ಬಡಿಯೂದು ಎಲ್ಲಾ ಸುಳ್ಳು. ಪಕ್ಕೇಕ ಪಟ್ಟಿ ನಿಂದರೂದಿಲ್ಲ. ಒಗೀರಿ.”

“ಖರೇ ಹೇಳಿದಿ. ಹಂಗಾರ ಇದು ಏನ ನೋಡು.”

ಪೇಪರು ಬಿಚ್ಚಿ ಆ ತುಂಡನ್ನು ಅವನ ತೊಡೆಯ ಮೇಲಿಟ್ಟ. ಪರಸಪ್ಪನ ಕೈ ತಾನಾಗಿ ನೂಲಿನ ತುದಿಗೆ ಹೋಯಿತು, ಸವರಿತು, ಅಲ್ಲೇ ನಿಂತಿತು.

“ಇದು ಎಲ್ಲಿದ್ರಿ?”

“ನೀ ಹೇಳು.”

“ನಂಗ ಗೊತ್ತಿಲ್ರಿ.”

“ಮಸಿ ನಿಂದು. ವಾಸನಿ ನೋಡ್ಕೋ.”

“ನನ್ನ ಮಸಿ ಯಾರರ ಒಯ್ದಿರಬೇಕ್ರಿ.”

“ಒಯ್ದು ಇಷ್ಟು ನೀಟಾಗಿ ಹಚ್ಚಾರೇನು? ಒಡೀಲಿ ಅಂತ ಕತ್ತರಿಸಿದ ಟಯರಿಗೆ ಯಾವನಾದ್ರೂ ಶೃಂಗಾರ ಮಾಡ್ತಾನೇನೋ ಪರಸಪ್ಪಾ? ಒಳಗಿನ ಮೈ ಯಾರ ಕಣ್ಣಿಗೂ ಬೀಳೂದಿಲ್ಲ. ಅದಕ್ಕೂ ಮಸಿ ಹಚ್ಚೀದಿ. ಯಾಕ?”

ಪರಸಪ್ಪ ತಲೆ ತಗ್ಗಿಸಿದ.

“ಮಸಿ ಹಚ್ಚದ ಟಯರು ನನ್ನ ಅಂಗಡಿ ಬಿಟ್ಟು ಹೊರಗ ಹೋಗೂದಿಲ್ರಿ. ಅವಾ ಬ್ಯಾಡ ಅಂದಿದ್ದ. ಬರೇ ತಿರುವಿ ಹಾಕು ಅಂದಿದ್ದ. ಆದ್ರ ನನ್ನ ಕೈ ಕೇಳಲಿಲ್ರಿ.”

ಸುಣ್ಣದ ಚುಕ್ಕೆಗಳನ್ನು ಉಳಿಸಿದ್ದು ಆ ಮಸಿಯೇ. ಬಳಿಯದೇ ಬಿಟ್ಟಿದ್ದರೆ ಕಂದಕಕ್ಕೆ ಉರುಳಿದಾಗಲೇ ಮಣ್ಣಿಗೆ ಉಜ್ಜಿ ಅಳಿಸಿಹೋಗುತ್ತಿದ್ದವು.

“ಅವಾ ಅಂದ್ರ ಯಾರು?”

ಪರಸಪ್ಪ ರಸ್ತೆಯ ಕಡೆ ನೋಡಿದ.

“ನನ್ನ ನೋಡು. ಭೀಮಸಿಂಗ್ ಏನು?”

“ಭೀಮಸಿಂಗ್ ಯಾರ್ರಿ?” ಅವನ ಧ್ವನಿಯಲ್ಲಿದ್ದ ಅಚ್ಚರಿ ನಿಜವಾದದ್ದು. “ಜ್ಯೋತಿಬಾ. ಗುರುವಾರ ತನ್ನ ಟ್ರಾಕ್ಸಿನಾಗ ಅಂಬಾಸಿಡರ್ ಗಾಲಿ ಹಾಕ್ಕೊಂಡ ಬಂದಿದ್ದ. ಬಿರುಕಿನಾಗ ಬ್ಲೇಡು ಆಡಿದ್ದು ನಂಗ ತಿಳೀತ್ರಿ. ಕೇಳಿದೆ. ಪಾಸಿಂಗಿಗೆ ಒಂದ ದಿನಾ ನಿಂದ್ರಸೂದೈತಿ, ಆಮ್ಯಾಲೆ ಒಗಿಯೂದ ಅಂದ. ನಾ ನಂಬಿದೆ.”

“ನಂಬಿದಿ?”

“ನಂಬಿದೆ ಅಂತ ತಿಳಕೊಂಡೆ.”

ಅಡಿವೆಯ್ಯನ ಕೈ ಮೇಲೆದ್ದಿತು, ಮತ್ತೆ ಇಳಿಯಿತು. ಚಮಚೆಯಲ್ಲಿ ಚಹಾ ಕುಡಿಸುತ್ತಿದ್ದ ಕೈ, ಒದ್ದೆ ಕಣ್ಣಂಚು, ಪರದೆಯ ಕೆಳಗಿನ ಚಪ್ಪಲಿ ಎಲ್ಲವೂ ನೆನಪಾಗಿ ಅವನಿಗೆ ಮೈಯೆಲ್ಲ ಉರಿಯಿತು. ಶಂಕ್ರಪ್ಪ ಕಂಡ ಲಾರಿ ಯಾರದೆಂದು ಇನ್ನು ಕಟಕಟೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ.

“ನಡಿ ಠಾಣೇಕ. ಐದರೊಳಗ ಈ ಮಾತು ಬರಕೊಟ್ರ ಒಬ್ಬ ನಿರಪರಾಧಿ ಉಳೀತಾನ.”

ಪರಸಪ್ಪ ಏಳಲಿಲ್ಲ. ಮಸಿ ಮೆತ್ತಿದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

“ಇನ್ನೊಂದ ಐತ್ರಿ.”

“ಏನು?”

“ನಿನ್ನಿ ಮತ್ತ ಬಂದಿದ್ದ. ಟ್ರಾಕ್ಸಿನ ಗಾಲಿ ತಂದಿದ್ದ. ಮುಂದಿನ ಎಡಗಾಲಿ. ಹಿಂಗ ಬ್ಲೇಡು ಹಾಕಿದ್ದು.”

ಅಡಿವೆಯ್ಯನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. “ನಿನ್ನಿ? ಶಂಕ್ರಪ್ಪ ಸತ್ತ ಮ್ಯಾಲೆ?”

“ಹೌದ್ರಿ.”

“ಏನ ಒಡದೈತಿ, ಯಾಕ ಒಡದೈತಿ, ಯಾರು ಸತ್ತಾರ, ಎಲ್ಲಾ ಗೊತ್ತಿತ್ತು ನಿನಗ.”

“ಗೊತ್ತಿತ್ರಿ.”

“ಆದ್ರೂ ತಿರುವಿ ಹಾಕಿದಿ.”

“ನೀನೂ ನನ್ನ ಜೋಡೀನ ಗಲ್ಲಿಗೆ ಬರ್ತಿ ಅಂದಾ. ನಂಗ ಇಬ್ಬರು ಹೆಣ್ಣಮಕ್ಕಳದಾರ್ರಿ.” ಪರಸಪ್ಪ ಅಳತೊಡಗಿದ. ಕಣ್ಣೀರು ಮಸಿಯ ಮೇಲೆ ಹರಿದು ಗಡ್ಡಕ್ಕಿಳಿಯಿತು. ಅಡಿವೆಯ್ಯನಿಗೆ ಅವನ ಮೇಲೆ ಕನಿಕರ ಬರಲಿಲ್ಲ.

“ಯಾರಿಗಾಗಿ ಹಾಕ್ಸಿದ?”

“ಹೇಳಲಿಲ್ರಿ. ದೇವರಾಣಿ.”

ಹೇಳುವ ಅಗತ್ಯವೂ ಇರಲಿಲ್ಲ. ಬಿರುಕಿನ ಗಾಲಿ ಡಿಕ್ಕಿಯಲ್ಲಿತ್ತು, ಮುಂದೆ ಇರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲವನು ಜಗತ್ತಿನಲ್ಲಿ ಒಬ್ಬನೇ ಇದ್ದ.

ಪಕ್ಕದಲ್ಲಿ ಕಾಶೆವ್ವನ ಎಸ್‌ಟಿಡಿ ಬೂತು. ಅಡಿವೆಯ್ಯ ಒಳಗೆ ನುಗ್ಗಿ, ಫೋನು ಹಿಡಿದಿದ್ದ ಗಿರಾಕಿಯ ಕೈಯಿಂದ ರಿಸೀವರ್ ಕಿತ್ತುಕೊಂಡು ದವಾಖಾನೆಯ ನಂಬರು ತಿರುಗಿಸಿದ. ಮೂರನೇ ಸಲಕ್ಕೆ ಹತ್ತಿತು. ಕಾವಲಿನ ಸೋಮಪ್ಪನನ್ನು ಕರೆಸುವುದಕ್ಕೆ ಇನ್ನೊಂದಿಷ್ಟು ಹೊತ್ತಾಯಿತು.

“ಸೋಮಪ್ಪಾ, ತುಳಸಿರಾಮನ ಹತ್ರ ಯಾರನ್ನೂ ಬಿಡಬ್ಯಾಡ. ಜ್ಯೋತಿಬಾನ ನೆರಳೂ ಬೀಳಬಾರದು.”

“ತುಳಸಿರಾಮ ಎಲ್ಲದಾನ್ರಿ ಇಲ್ಲೆ?” ಸೋಮಪ್ಪನ ದನಿ ಹಗುರಾಗಿತ್ತು. “ನೀವ ಹೋದ ಮ್ಯಾಲೆ ಉಸಿರು ಭಾಳ ಹತ್ತೀತು. ಡಾಕ್ಟರು ಹುಬ್ಬಳ್ಳಿಗೆ ಒಯ್ಯರಿ ಅಂದ್ರು. ಆಂಬುಲೆನ್ಸ್ ಕಾರವಾರಕ್ಕ ಹೋಗೈತಿ. ಪಾಪ ಜ್ಯೋತಿಬಾ ತನ್ನ ಟ್ರಾಕ್ಸ್ ಕೊಟ್ಟಾನ್ರಿ. ಅನಿಲ ಓಡಸಾಕತ್ತಾನ. ರೂಪಿಬಾಯೀನೂ ಹೋಗ್ಯಾಳ, ನಮ್ಮ ಪೊಲೀಸ್ ಒಬ್ಬಾಂವನೂ ಅದಾನ. ಎಂಥಾ ಮನಶ್ಯಾರಿ ಜ್ಯೋತಿಬಾ!”

“ಎಷ್ಟೊತ್ತಾತು?”

“ಮುಕ್ಕಾಲ ತಾಸ ಆತು.”

ಅಡಿವೆಯ್ಯ ರಿಸೀವರನ್ನು ಕೈಬಿಟ್ಟ. ದಾಂಡೇಲಿಯಿಂದ ಹುಬ್ಬಳ್ಳಿಗೆ ಹೋಗುವ ಗಾಡಿ ಹಳಿಯಾಳ ದಾಟಲೇಬೇಕು. ಮುಕ್ಕಾಲು ತಾಸು ಎಂದರೆ ಈಗಲೇ ಬರಬೇಕು. ಅನಿಲ ಜ್ಯೋತಿಬಾನ ಸಂಬಳದ ಡ್ರೈವರು. ಗಾಡಿಯನ್ನು ಹಾರಿಸುತ್ತಾನೆಂದು ಊರಿಗೇ ಗೊತ್ತು. ತನ್ನ ಯಜಮಾನ ತನ್ನ ಕಾಲ ಬುಡದಲ್ಲೇ ಏನಿಟ್ಟು ಕಳಿಸಿದ್ದಾನೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

“ಎಷ್ಟು ದೂರ ತಾಳತೈತಿ ಅದು?” ಅಂಗಡಿಯ ಬಾಗಿಲಲ್ಲಿ ನಿಂತು ಕೂಗಿದ.

ಪರಸಪ್ಪ ಮೂಗು ಒರೆಸಿಕೊಂಡ. “ಸಪಾಟ ರಸ್ತಾದಾಗ ಸಾವಕಾಶ ಹೋದ್ರ ಹುಬ್ಬಳ್ಳೀನೂ ಮುಟ್ಟಬಹುದ್ರಿ. ಓಟದಾಗ ಒಮ್ಮೆಲೇ ಬ್ರೇಕ್ ಒತ್ತಿದ್ರ ಗಾಡೀ ಭಾರೆಲ್ಲಾ ಮುಂದಿನ ಗಾಲಿಗೆ ಬೀಳತೈತಿ. ಅದರಾಗೂ ಇಳಿಜಾರಿನಾಗ. ಅವತ್ತೂ ಹಂಗ ಆಗಿರಬೇಕು. ತಾಳೂದಿಲ್ರಿ.”

ಅಡಿವೆಯ್ಯ ರಸ್ತೆಗಿಳಿದ. ನಾಕಾದಿಂದ ಆಚೆ ದಾಂಡೇಲಿಯ ದಿಕ್ಕಿಗೆ ರಸ್ತೆ ಮೊದಲು ತಗ್ಗಿಗೆ ಇಳಿದು, ಒಂದು ಮೋರಿ ದಾಟಿ, ಎದುರಿನ ದಿಬ್ಬ ಏರುತ್ತದೆ. ಬರುವ ಗಾಡಿ ಆ ದಿಬ್ಬದಿಂದ ಜೋರಾಗಿ ಇಳಿದು, ಮೋರಿ ದಾಟಿ, ಈ ಏರಿಗೆ ಬಂದಾಗ ತಾನಾಗಿಯೇ ನಿಧಾನವಾಗುತ್ತದೆ. ಹಿಡಿಯಬೇಕಾದರೆ ಏರಿನ ಮೇಲೆಯೇ ಹಿಡಿಯಬೇಕು. ಕಿಟಕಿಯ ಪಕ್ಕ ಓಡುತ್ತ, ಬ್ರೇಕು ಮುಟ್ಟಬೇಡ, ಗಾಡಿ ತಾನಾಗಿ ನಿಲ್ಲುವತನಕ ಹಾ‌ಗೇ ಬಿಡು ಎಂದು ಅನಿಲನಿಗೆ ಹೇಳಬೇಕು.

ಆದರೆ ದಿಬ್ಬದ ಮೇಲಿನಿಂದಲೇ ಅನಿಲನಿಗೆ ಖಾಕಿ ಕಂಡರೆ? ಪೊಲೀಸನನ್ನು ಕಂಡ ಯಾವ ಡ್ರೈವರನ ಕಾಲೂ ಮೊದಲು ಹೋಗುವುದು ಬ್ರೇಕಿನ ಮೇಲೆಯೇ. ಅಡಿವೆಯ್ಯ ಟೊಪ್ಪಿಗೆ ತೆಗೆದು ಗಟಾರಕ್ಕೆ ಎಸೆದ. ಅಂಗಡಿಯ ಮುಂದಿನ ಗೋಣಿಚೀಲ ಹೊದ್ದುಕೊಂಡು, ಏರಿನ ತಲೆಯಲ್ಲಿದ್ದ ಹುಣಸೆಮರದ ಮರೆಗೆ ಸರಿದ. ಜೀವಮಾನದಲ್ಲಿ ಮೊದಲ ಸಲ ಅವನು ತಾನು ಪೊಲೀಸನೆಂದು ಯಾರಿಗೂ ಕಾಣಿಸದಿರಲಿ ಎಂದು ದೇವರನ್ನು ಬೇಡಿಕೊಂಡ.

ಹಾರ್ನ್ ಕೇಳಿಸಿತು. ಎದುರಿನ ದಿಬ್ಬದ ಮೇಲೆ ಬಿಳಿ ಟ್ರಾಕ್ಸು ತಲೆ ಎತ್ತಿತು. ಹಾಡುಹಗಲೇ ಹೆಡ್‌ಲೈಟು ಉರಿಸಿಕೊಂಡು ಇಳಿಜಾರಿಗೆ ಬಿತ್ತು. ಹಿಂದಿನ ಕಿಟಕಿಯಲ್ಲಿ ಕೆಂಪು ತೋಳೊಂದು ಕಂಡಿತು, ಅದರ ಕನ್ನಡಿಗಳಿಗೆ ಬಿಸಿಲು ತಾಗಿ ಮಿಂಚಿತು. ರೂಪಿಬಾಯಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿರಬೇಕು.

ಬಾ, ಹಾಗೇ ಬಾ, ಎಂದು ಅಡಿವೆಯ್ಯ ಬಾಯೊಳಗೇ ಅಂದುಕೊಂಡ. ಮೋರಿ ದಾಟು. ಅಷ್ಟೇ ಸಾಕು.

ಹಿಂದೆ ಚಪ್ಪಲಿಯ ಸದ್ದು ಬಂತು. ತಿರುಗುವಷ್ಟರಲ್ಲಿ ಪರಸಪ್ಪ ಅವನನ್ನು ದಾಟಿ ಓಡಿಯಾಗಿತ್ತು. ಏರನ್ನಿಳಿದು, ಮೋರಿಯ ನಟ್ಟನಡುವೆ ಹೋಗಿ ನಿಂತು, ಕಾಲಗಲಿಸಿ, ಮಸಿಯ ಎರಡೂ ಕೈ ಮೇಲೆತ್ತಿ ಬೀಸತೊಡಗಿದ.

“ಬ್ಯಾಡೋ! ಸರಿಯೋ ಪರಸಪ್ಪಾ!” ಅಡಿವೆಯ್ಯನ ಗಂಟಲು ಹರಿದುಹೋಯಿತು.

ಪರಸಪ್ಪ ಒಮ್ಮೆ ಹಿಂದಿರುಗಿ ನೋಡಿದ. ಆ ಮುಖದಲ್ಲಿ ಮಾಡಿದ ಪಾಪಕ್ಕೆ ಎದೆಯೊಡ್ಡಿದವನ ಹುಚ್ಚಿತ್ತೋ, ಜ್ಯೋತಿಬಾನ ಉಳಿದಿದ್ದ ಕೆಲಸ ಮುಗಿಸಲು ಬಂದವನ ಲೆಕ್ಕಾಚಾರವಿತ್ತೋ, ಪೊರೆ ಬಂದ ಕಣ್ಣಿಗೆ ತಿಳಿಯಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಆ ಗಾಲಿಗೆ ಏನಾಗುತ್ತದೆಂದು ಅವನೇ ಈಗಷ್ಟೇ ಹೇಳಿದ್ದ.

ಎದುರಿನ ಇಳಿಜಾರಿನ ನಡುಮಧ್ಯದಲ್ಲಿ ಅನಿಲ ಬ್ರೇಕ್ ಒತ್ತಿದ.